ಚೌಕಿಯ ಬೆಳಕಿಗೆ ಯಾವ ವೈಡ್ ಲೆನ್ಸ್: 20 ಮಿ.ಮೀ. ಪ್ರೈಮೋ, 16–35 ಝೂಮೋ?

ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಯಲಾಟಗಳ ಚೌಕಿಯನ್ನು, ಅಂದರೆ ಕಲಾವಿದರು ವೇಷ ಕಟ್ಟುವ ಬಣ್ಣದ ಮನೆಯನ್ನು, ಛಾಯಾಚಿತ್ರಗಳಲ್ಲಿ ದಾಖಲಿಸಲು ಆರಂಭಿಸಿದಾಗ ನನ್ನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಇದ್ದದ್ದು 16–35 ಮಿ.ಮೀ. ಎಫ್ 4 ಝೂಮ್ ಲೆನ್ಸ್ ಒಂದೇ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ತೆರಪು ದೊಡ್ಡದು, ಒಳಬರುವ ಬೆಳಕು ಹೆಚ್ಚು). ಒಂದು ತಿರುಗಾಟವನ್ನು (ಮೇಳದ ಒಂದು ವರ್ಷದ ಆಟಗಳ ಅವಧಿ) ಅದರಲ್ಲೇ ಮುಗಿಸಿ, ಮರುವರ್ಷದ ತಿರುಗಾಟಕ್ಕೆ ಅದೇ ತಯಾರಕರ 20 ಮಿ.ಮೀ. ಎಫ್ 1.8 ಪ್ರೈಮ್ (ಝೂಮ್ ಆಗದ) ಲೆನ್ಸನ್ನು ಕೊಂಡೆ. ಎರಡಕ್ಕೂ 77 ಮಿ.ಮೀ. ಫಿಲ್ಟರೇ ಹೊಂದುತ್ತದೆ, ಆದರೆ ಝೂಮ್ ಸುಮಾರು 680 ಗ್ರಾಂ ತೂಗಿದರೆ ಪ್ರೈಮ್ ಅದರ ಅರ್ಧದಷ್ಟು ಮಾತ್ರ, ಮತ್ತು ಈ ವ್ಯತ್ಯಾಸ ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಕತ್ತಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಚೌಕಿಯಲ್ಲಿ ಕಲಾವಿದರು ಎರಡೂ ಬದಿಗೆ ಸಾಲಾಗಿ ಕುಳಿತು, ಕೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಚಿಟ್ಟಿ (ಮುಖದ ಮೇಲಿನ ಉಬ್ಬು ಚುಕ್ಕೆಗಳು) ಇಡುವಾಗ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ಐಎಸ್‌ಒ 6400 ಬೆಳಕಿನ ಸಂವೇದನೆಯಲ್ಲಿ ಎಫ್ 4 ಇಟ್ಟರೆ ನನಗೆ ಸಿಗುತ್ತಿದ್ದ ಶಟರ್ ವೇಗ ಸೆಕೆಂಡಿನ 50ನೇ ಒಂದು ಭಾಗ. ಅದೇ ಬೆಳಕಿನಲ್ಲಿ ಎಫ್ 1.8 ಸುಮಾರು ಐದು ಪಟ್ಟು ಬೆಳಕನ್ನು ಒಳಬಿಡುವುದರಿಂದ 250ನೇ ಒಂದು ಭಾಗ ಸಿಕ್ಕಿತು. ಝೂಮ್‌ನಲ್ಲಿ ಕಂಪನ ತಡೆಯುವ ವ್ಯವಸ್ಥೆಯಿದೆ ಎಂಬುದು ನಿಜ, ಆದರೆ ಅದು ತಡೆಯುವುದು ನನ್ನ ಕೈಯ ಕಂಪನವನ್ನೇ ಹೊರತು ಎದುರಿಗಿರುವ ಕಲಾವಿದರ ಕೈಯ ಚಲನೆಯನ್ನಲ್ಲ. ಮೊದಲ ವರ್ಷದ ನೂರಾರು ಚಿತ್ರಗಳಲ್ಲಿ ಮುಖ ಸ್ಪಷ್ಟವಾಗಿದ್ದು ಬೆರಳುಗಳು ಮಾತ್ರ ಕಲಸಿಹೋಗಿರುವುದು ಈ ಕಾರಣದಿಂದಲೇ, ಮತ್ತು ಆ ಬೆರಳುಗಳನ್ನು ಹಿಡಿಯಲೆಂದೇ ನಾನು ಅಲ್ಲಿಗೆ ಹೋಗಿದ್ದೆ.

ಹಾಗೆಂದು ಎಫ್ 1.8 ಎಲ್ಲ ಹೊತ್ತಿಗೂ ಒದಗುವುದಿಲ್ಲ. ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ ಸ್ಪಷ್ಟವಾಗಿ ಮೂಡುವ ಆಳ ಸುಮಾರು 30 ಸೆಂ.ಮೀ. ಮಾತ್ರ; ಎಫ್ 4ರಲ್ಲಿ ಅದು 60 ಸೆಂ.ಮೀ. ದಾಟುತ್ತದೆ. ಬಣ್ಣ ಬರೆಯುವವರೂ ಅವರ ಹಿಂದೆ ನಿಂತು ಕಿರೀಟ ಕಟ್ಟಿಸಿಕೊಳ್ಳುವವರೂ ಒಂದೇ ಚಿತ್ರದಲ್ಲಿ ಕಾಣಬೇಕೆಂದರೆ ಪ್ರೈಮಿನ ತೆರಪನ್ನೂ ಎಫ್ 2.8ಕ್ಕೋ ಎಫ್ 4ಕ್ಕೋ ಕಿರಿದಾಗಿ ಇಳಿಸಲೇಬೇಕು. ಎಫ್ 4ಕ್ಕೆ ಇಳಿಸಿದರೆ ನನಗೆ ಉಳಿಯುವ ಲಾಭ ಹಗುರತನವಷ್ಟೇ.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಫಲಿತಾಂಶ ತಿರುಗುಮುರುಗಾಯಿತು. ನವರಂಗದೊಳಗೆ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಕತ್ತಲೆ ಹೆಚ್ಚು, ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲ, ಆದರೆ ಕಂಬಗಳು ಅಲುಗುವುದಿಲ್ಲ. ಹಾಗಾಗಿ ಉಸಿರು ಬಿಗಿಹಿಡಿದು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ತೆಗೆದ ಝೂಮ್ ಚಿತ್ರಗಳೂ ಚೆನ್ನಾಗಿಯೇ ಬಂದವು. ಬೆನ್ನು ಗೋಡೆಗೆ ತಾಗಿದ ಮೇಲೆ ಹಿಂದೆ ಸರಿಯಲು ಜಾಗವಿರುವುದಿಲ್ಲವಾದ್ದರಿಂದ, 20 ಮಿ.ಮೀ.ನ 94 ಡಿಗ್ರಿ ನೋಟಕ್ಕಿಂತ 16 ಮಿ.ಮೀ.ನ 107 ಡಿಗ್ರಿ ನೋಟ ಅಲ್ಲಿ ನಿಜವಾಗಿಯೂ ಬೇಕಾಗುತ್ತದೆ. ಆ ತುದಿಯಲ್ಲಿ ಅಂಚಿನ ಕಂಬಗಳು ಹೊರಕ್ಕೆ ಬಾಗಿದಂತೆ ಕಾಣುತ್ತವೆ; ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಂಡೆ. ನಕ್ಷತ್ರಗಳನ್ನು ಚಿತ್ರಿಸುವವರಿಗೆ ಮಾತ್ರ ಪ್ರೈಮೇ ಸರಿ, ಆದರೆ ಎಫ್ 1.8ರಲ್ಲಿ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿದಂತೆ ಹರಡುವುದರಿಂದ ನಾನು ಎಫ್ 2.8ಕ್ಕೆ ಇಳಿಸುತ್ತೇನೆ.

ಈಗ ಆಟಕ್ಕೆ ಹೊರಡುವ ರಾತ್ರಿ ಚೀಲದಲ್ಲಿ ಪ್ರೈಮ್ ಮಾತ್ರ ಇರುತ್ತದೆ. ಚೌಕಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಬೇಕಾದ ಚೌಕಟ್ಟು ಸಿಗುತ್ತದೆ. ಕಲಾವಿದರಿಗೆ ತೊಂದರೆಯಾಗುವಂತಿದ್ದರೆ ನಿಂತಲ್ಲೇ ತೆಗೆದು, ಆಮೇಲೆ 35 ಮಿ.ಮೀ. ನೋಟಕ್ಕೆ ಕತ್ತರಿಸುತ್ತೇನೆ. ನನ್ನ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಆಗ ಉಳಿಯುವುದು ಸುಮಾರು 8 ಮೆಗಾಪಿಕ್ಸೆಲ್, ಎ4 ಅಳತೆಯ ಮುದ್ರಣಕ್ಕೆ ಅಷ್ಟು ಸಾಕು.