ಧ್ಯಾನದಲ್ಲಿ ಕಣ್ಣು ಮುಚ್ಚಬೇಕಾ, ಬಿಟ್ಟಿರಬೇಕಾ?

ಕಣ್ಣು ಮುಚ್ಚಿದರೆ ನೋಡೋ ಕೆಲಸ ನಿಲ್ಲುತ್ತದೆ. ಮೆದುಳಿನ ಹಿಂಭಾಗದಲ್ಲಿ ಆಲ್ಫಾ ಅಲೆಗಳು (ಎಚ್ಚರವಿದ್ದೂ ಆರಾಮಾಗಿರುವಾಗ ಕಾಣುವ ವಿದ್ಯುತ್ ಅಲೆಗಳು) ಜಾಸ್ತಿಯಾಗುತ್ತವೆ. ಉಸಿರು ಮೂಗಿನ ತುದಿಗೆ ತಾಗುವುದು, ಸೊಂಟದ ಬಿಗಿತ ಎಲ್ಲ ಚೆನ್ನಾಗಿ ಗೊತ್ತಾಗುತ್ತದೆ. ತೊಂದರೆ ಅಂದ್ರೆ ನಿದ್ದೆ. ತಲೆ ಮೆಲ್ಲಗೆ ಮುಂದಕ್ಕೆ ವಾಲಿ, ಗದ್ದ ಎದೆಗೆ ತಾಗಿದಾಗಲೇ ಎಚ್ಚರ! ನನಗಂತೂ ಊಟದ ಮೇಲೆ ಕೂತರೆ ಇದು ಗ್ಯಾರಂಟಿ.

ಕಣ್ಣು ಬಿಟ್ಟು ಕೂರುವುದೂ ಹಳೆಯ ಪದ್ಧತಿಯೇ. ಝೆನ್ ಎಂಬ ಬೌದ್ಧ ಧ್ಯಾನ ಪದ್ಧತಿಯಲ್ಲಿ ಕಣ್ಣು ಅರೆತೆರೆದಿರುತ್ತದೆ. ನೋಟ ಸುಮಾರು 45 ಡಿಗ್ರಿ ಕೆಳಗೆ, ಒಂದು ಮೀಟರ್ ದೂರದ ನೆಲದ ಮೇಲೆ. ಏನನ್ನೂ ದಿಟ್ಟಿಸುವುದಿಲ್ಲ, ನೋಟ ಸುಮ್ನೆ ಅಲ್ಲಿರುತ್ತದೆ ಅಷ್ಟೆ. ಝೆನ್‌ನಲ್ಲೇ ಸೋತೋ ಎಂಬ ಪಂಥದವರು ಗೋಡೆಗೆ ಮುಖ ಮಾಡಿಯೇ ಕೂರುತ್ತಾರೆ. ಹಗಲುಗನಸು, ತೂಕಡಿಕೆ ಕಡಿಮೆ. ಆದರೆ ಎದುರಿಗೆ ಫೋನ್ ಇದ್ದರೆ ಕಥೆ ಮುಗಿಯಿತು. ಕಣ್ಣು ಮುಚ್ಚಿದ ಕೂಡಲೇ ಗಾಬರಿಯಾಗುವವರಿಗೆ, ಹಳೆಯ ಕಹಿ ನೆನಪು ನುಗ್ಗುವವರಿಗೆ ಕಣ್ಣು ಬಿಟ್ಟು ಕೂರುವುದೇ ವಾಸಿ. ಅಂಥವರನ್ನು ಕಣ್ಣು ಮುಚ್ಚಿ ಅಂತ ಒತ್ತಾಯಿಸಬಾರದು.

ಇನ್ನು ಯಿನ್ ಯೋಗ, ಅಂದ್ರೆ ಭಂಗಿಯಲ್ಲಿ ತುಂಬಾ ಹೊತ್ತು ಸುಮ್ನೆ ಇರುವ ನಿಧಾನದ ಯೋಗ. ಇದರಲ್ಲಿ ಒಂದೊಂದು ಭಂಗಿಯಲ್ಲೂ ಸಾಮಾನ್ಯವಾಗಿ 3ರಿಂದ 5 ನಿಮಿಷ ಇರಬೇಕು. ಹೆಚ್ಚಿನವು ನೆಲದ ಮೇಲೇ ಆದ್ದರಿಂದ ಬೀಳುವ ಭಯವಿಲ್ಲ. ಇಲ್ಲಿ ನನ್ನ ಓಟು ಕಣ್ಣು ಮುಚ್ಚುವುದಕ್ಕೇ. ಆದರೆ ಭಂಗಿಗೆ ಹೋಗುವಾಗ, ಹೊರಬರುವಾಗ ಕಣ್ಣು ಬಿಡಿ. ದಿಂಬು ಎಲ್ಲಿದೆ, ಮಂಡಿ ಎತ್ತ ತಿರುಗಿದೆ ಅಂತ ನೋಡಬೇಕಲ್ವಾ? ತಲೆ ಸುತ್ತಿದರೂ ಅಷ್ಟೆ, ತಕ್ಷಣ ಕಣ್ಣು ಬಿಡಿ.

ಹೊಸಬರಾದರೆ ಮೊದಲ 5 ನಿಮಿಷ ಅರೆತೆರೆದೇ ಕೂತು ನೋಡಿ. ರೆಪ್ಪೆ ತಾನಾಗಿ ಇಳಿದರೆ ಇಳಿಯಲಿ, ತಡೆಯಬೇಡಿ.