ನೇರ ಕಾರ್ಯಕ್ರಮವೋ, ರೆಕಾರ್ಡಿಂಗೋ? ನಮ್ಮ ಸಂಗೀತ ಕ್ಲಾಸಿನಲ್ಲಿ ಎರಡನ್ನೂ ಮಾಡಿ ನೋಡಿದೆವು

ಹಾಸನದ ನಮ್ಮ ಮನೆಯಲ್ಲೇ ಮಕ್ಕಳಿಗೆ ಪಿಯಾನೊ, ಹಾಡು ಎರಡನ್ನೂ ಹೇಳಿಕೊಡುತ್ತೇನೆ. ಒಟ್ಟು 14 ಮಕ್ಕಳು. ಅರ್ಧದಷ್ಟು ಮಂದಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಯವರು. ಅವರಿಗೆ ಫೋನಿನಲ್ಲೇ ಪಾಠ. ಎಲ್ಲರನ್ನೂ ಒಂದು ಕಡೆ ಸೇರಿಸೋಣ ಅಂತ ಕಳೆದ ವರ್ಷ ಜೂನ್‌ನಲ್ಲಿ ಝೂಮ್‌ನಲ್ಲಿ ನೇರವಾಗಿ ಹಾಡಿಸಿದೆ. ಡಿಸೆಂಬರ್‌ನಲ್ಲಿ ರೆಕಾರ್ಡ್ ಮಾಡಿಸಿ, ಜೋಡಿಸಿ, ಯೂಟ್ಯೂಬ್‌ಗೆ ಹಾಕಿದೆ.

ಜೂನ್‌ನಲ್ಲಿ ಮಲೆನಾಡಿನ ಮಕ್ಕಳನ್ನು ನೇರ ಕಾರ್ಯಕ್ರಮಕ್ಕೆ ಕರೆದದ್ದು ನನ್ನದೇ ಪೆದ್ದುತನ. ಮೂಡಿಗೆರೆಯ ಹುಡುಗಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಕರೆಂಟೂ ಹೋಯಿತು, ವೈಫೈಯೂ ಹೋಯಿತು. ತಲಾ 3 ನಿಮಿಷ ಅಂತ ಕೊಟ್ಟಿದ್ದೆ. 14 ಮಕ್ಕಳಿಗೆ 42 ನಿಮಿಷ. ಉಚಿತ ಝೂಮ್‌ಗೆ 40 ನಿಮಿಷದ ಮಿತಿ ಇದೆ ಅನ್ನೋದು ಆಮೇಲೆ ನೆನಪಾಯಿತು.

ಅದಕ್ಕಿಂತ ದೊಡ್ಡ ತಲೆನೋವು ಶ್ರುತಿಯದು. ವಿಡಿಯೊ ಕಾಲ್ ಆಪ್‌ಗಳು ಮಾತಿಗೆಂದು ಮಾಡಿದವು. ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಸದ್ದಿನಂತೆ ಗಲಾಟೆ ಅಂದುಕೊಂಡು ಅಳಿಸಿಬಿಡುತ್ತವೆ. ತಂಬೂರಿಯೂ ಒಂದೇ ಸಮ ತಾನೇ? ಮಗು ಹಾಡುವುದು ಕೇಳುತ್ತದೆ, ಶ್ರುತಿ ಮಾಯ. ಪಿಯಾನೊದಲ್ಲಿ ಪೆಡಲ್ ಒತ್ತಿ ಬಿಟ್ಟ ಸ್ವರದ ಬಾಲವೂ ಕತ್ತರಿಸಿಹೋಗುತ್ತದೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿದರೆ ಇದು ಸರಿಯಾಗುತ್ತದೆ. ಆದರೆ ಅದನ್ನು ಆನ್ ಮಾಡಬೇಕಾದ್ದು ನನ್ನ ಕಡೆ ಅಲ್ಲ, ಹಾಡುವ ಮಗುವಿನ ಕಡೆ. ಹೆಡ್‌ಫೋನ್ ಕೂಡ ಹಾಕಿಕೊಂಡರೆ ಒಳ್ಳೆಯದು. ಪ್ರತಿ ಮನೆಗೂ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು. ಕೊನೆಗೆ ಎಲ್ಲರೂ ಸೇರಿ ಹಾಡೋಣ ಅಂದೆ. ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬಂದು ಮಂಗಳವಾರದ ಸಂತೆ ಆಯಿತು!

ರೆಕಾರ್ಡಿಂಗ್‌ನಲ್ಲಿ ಈ ಯಾವ ಕಾಟವೂ ಇಲ್ಲ. ಫೋನನ್ನು ಪಿಯಾನೊ ಮೇಲೆ ಇಡಬೇಡಿ, ನಾಲ್ಕು ಹೆಜ್ಜೆ ದೂರ ಇಡಿ ಅಂದಿದ್ದೆ. ವಾಟ್ಸಾಪ್‌ನಲ್ಲಿ ವಿಡಿಯೊವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿದರು, ಹಾಗಾಗಿ ಗುಣಮಟ್ಟ ಇಳಿಯಲಿಲ್ಲ. ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' ಇಟ್ಟೆ. ಹುಡುಕಿದರೆ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ. ಕೇಳೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ನನ್ನ ಮಕ್ಕಳೇನಾ ಅನ್ನಿಸಿತು.

ಅಲ್ಲೇ ಇತ್ತು ತೊಂದರೆ. ಒಬ್ಬ ಹುಡುಗನ ತಾಯಿ ಫೋನ್ ಮಾಡಿದರು: "ಮಿಸ್, ಇದು ಹತ್ತೊಂಬತ್ತನೇ ಸಲ. ಇನ್ನೊಂದು ಸಲ ಅಂದ್ರೆ ಪಿಯಾನೊನೇ ಮುಟ್ಟಲ್ಲ ಅಂತಿದ್ದಾನೆ." ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಪರ್ಫಾರ್ಮೆನ್ಸ್ ಗ್ರೇಡ್ ಪರೀಕ್ಷೆಯಲ್ಲಿ ನಾಲ್ಕು ತುಣುಕನ್ನೂ ನಡುವೆ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ನುಡಿಸಬೇಕು. ತಪ್ಪಿದರೂ ಮುಂದೆ ಹೋಗೋದನ್ನು ಕಲಿಯದ ಮಗುವಿಗೆ ಅದು ಕಷ್ಟ. ಇನ್ನೊಂದು ಬೇಜಾರು: ಮನೆಯವರು ಅವರವರ ಮಗುವಿನ ಭಾಗಕ್ಕೆ ಓಡಿಸಿ ನೋಡಿ ಮುಗಿಸಿದರು. ಜೂನ್‌ನಲ್ಲಿ ಶ್ರುತಿ ಇಲ್ಲದಿದ್ದರೂ ಎಲ್ಲರ ಹಾಡನ್ನೂ ಎಲ್ಲರೂ ಕೇಳಿದ್ದರು.

ಸದ್ದಿಗೆ ರೆಕಾರ್ಡಿಂಗೇ ಸೈ. ಆದರೂ ನನ್ನ ಓಟು ನೇರ ಕಾರ್ಯಕ್ರಮಕ್ಕೆ. ಎಂಟು ವರ್ಷದೊಳಗಿನವರಿಗೆ ಮಾತ್ರ ರೆಕಾರ್ಡಿಂಗ್, ಅದೂ ಮೂರೇ ಸಲ. ಅದನ್ನು ಅದೇ ಕಾಲ್‌ನಲ್ಲಿ 'ಶೇರ್ ಸೌಂಡ್' ಒತ್ತಿ ತೋರಿಸುತ್ತೇನೆ. ಈ ಸಲ ಜನವರಿ, ಏಳೇಳು ಮಕ್ಕಳ ಎರಡು ತಂಡ. ಮೂಡಿಗೆರೆಯ ಹುಡುಗಿ ಈಗಲೇ ಕೇಳಿಟ್ಟಿದ್ದಾಳೆ: "ಮಿಸ್, ನಂದೇ ಮೊದಲು ಇರಲಿ. ಕರೆಂಟ್ ಹೋಗೋದ್ರೊಳಗೆ ಮುಗಿಸಿಬಿಡ್ತೀನಿ."