ಏಟು ತಿಂದ ಟಿಟಿ, ಝಡ್4, ಕೂಪರ್ ಎಸ್: ಮೂರನ್ನೂ ಓಡಿಸಿ, ಹಾಯ್ಸ್ಟ್ ಮೇಲೆ ಎತ್ತಿಸಿ ನೋಡಿದ್ಮೇಲೆ

ಇಪ್ಪತ್ತು ಲಕ್ಷದ ಆಸುಪಾಸಲ್ಲಿ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ಹುಡುಕೋಕೆ ಹೊರಟ್ರೆ ಸುತ್ತಿ ಸುತ್ತಿ ಕಣ್ಣಿಗೆ ಬೀಳೋದು ಎರಡನೇ ಜನರೇಶನ್ ಆಡಿ ಟಿಟಿ, ಇ89 (ಅದು ಕಂಪನಿಯ ಮಾಡೆಲ್ ಕೋಡ್) ಬಾಡಿಯ ಬಿಎಂಡಬ್ಲ್ಯು ಝಡ್4, ಆಮೇಲೆ ಮಿನಿ ಕೂಪರ್ ಎಸ್. ಇವು ನಮ್ಮಲ್ಲಿ ಮಾರಾಟ ಆಗಿದ್ದೇ ಕಮ್ಮಿ, ಹಾಗಾಗಿ ಒಂದು ಗೀರೂ ಇಲ್ಲದ ಗಾಡಿ ಬಂದ್ರೆ ರೇಟ್ ಕೇಳೋ ಹಾಗಿಲ್ಲ, ನಮ್ಮ ಬಜೆಟ್‌ಗೆ ಬರೋದು "ಚಿಕ್ಕದೊಂದು ಟಚ್ ಆಗಿತ್ತು ಸಾರ್, ಎಲ್ಲಾ ನೀಟಾಗಿ ಮಾಡ್ಸಿದೀವಿ" ಅನ್ನೋ ಗಾಡಿಗಳೇ. ನಾನು ಬೇಕು ಅಂತಲೇ ಆಕ್ಸಿಡೆಂಟ್ ಆಗಿರೋ ಗಾಡಿಗಳನ್ನೇ ನೋಡಿದೆ, ಯಾಕಂದ್ರೆ ಅದೇ ವರ್ಷದ ಒಳ್ಳೆ ಗಾಡಿಗೂ ಇವಕ್ಕೂ ನಾಲ್ಕೈದು ಲಕ್ಷದ ವ್ಯತ್ಯಾಸ ಇತ್ತು. ಮೂರನ್ನೂ ನೈಸ್ ರೋಡಲ್ಲಿ ಓಡಿಸಿದೆ, ಗೊತ್ತಿರೋ ಗ್ಯಾರೇಜಲ್ಲಿ ಹಾಯ್ಸ್ಟ್ (ಗಾಡಿನ ಮೇಲೆತ್ತೋ ಲಿಫ್ಟ್) ಮೇಲೆ ಎತ್ತಿಸಿದೆ, ಪೇಂಟ್ ಎಷ್ಟು ದಪ್ಪ ಇದೆ ಅಂತ ಅಳೆಯೋ ಪೇಂಟ್ ಮೀಟರ್ ಹಿಡಿಸಿದೆ, ವೀಲ್ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟೌಟ್ ತಗೊಂಡೆ.

ನಂಗೆ ಅನ್ಸಿದ್ದನ್ನ ಮೊದಲೇ ಹೇಳ್ಬಿಡ್ತೀನಿ. ಎಷ್ಟು ಜೋರಾಗಿ ಗುದ್ದಿದೆ ಅನ್ನೋದಕ್ಕಿಂತ ಏಟು ಎಲ್ಲಿವರೆಗೆ ಹೋಗಿದೆ, ಬೋಲ್ಟ್ ಬಿಚ್ಚಿ ಬದಲಾಯ್ಸೋ ಪಾರ್ಟ್‌ನಲ್ಲೇ ನಿಂತಿದೆಯಾ ಇಲ್ಲ ವೆಲ್ಡ್ ಆಗಿರೋ ಬಾಡಿವರೆಗೂ ಬಂದಿದೆಯಾ, ಅದು ಮುಖ್ಯ. ಅದಾದ್ಮೇಲೆ ರಿಪೇರಿ ಮಾಡ್ಸಿದ್ದಕ್ಕೆ ಬಿಲ್, ಫೋಟೋ ಇದೆಯಾ. ಬ್ರ್ಯಾಂಡು, ಕಿಲೋಮೀಟರು, ಎಷ್ಟನೇ ಓನರು ಎಲ್ಲಾ ಆಮೇಲೆ.

ಮೊದಲು ಕೂಪರ್ ಎಸ್. ಓಡ್ಸೋ ಖುಷಿ ಅಂದ್ರೆ ಇದೇ, ಇದರಲ್ಲಿ ಎರಡು ಮಾತಿಲ್ಲ. 1.6 ಟರ್ಬೊ, 184 ಎಚ್‌ಪಿ, ಗಾಡಿ ಚಿಕ್ಕದು, ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೇ ಮೂತಿ ತಿರುಗುತ್ತೆ. ಮೂರರಲ್ಲಿ ಕಮ್ಮಿ ರೇಟೂ ಇದರದ್ದೇ, ಹದಿಮೂರು ಲಕ್ಷ ಕೇಳ್ತಿದ್ರು. ಮಾರ್ತಿದ್ದವರು ಡೀಲರ್ ಅಲ್ಲ, ಮನೆಯವರೇ, ಎರಡು ವರ್ಷದ ಹಿಂದೆ ಬೇರೆಯವರಿಂದ ತಗೊಂಡಿದ್ರಂತೆ. ಮುಂದೆ ಏಟು ಬಿದ್ದಿತ್ತು ಅಂತ ಅವರೇ ಹೇಳಿದ್ರು, ಏರ್‌ಬ್ಯಾಗ್ ಓಪನ್ ಆಗಿತ್ತಾ ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ರು.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. ಬಾನೆಟ್ಟು, ಬಂಪರ್ರು, ರೇಡಿಯೇಟರ್ರು ಎಲ್ಲಾ ಸರಿಯಾಗೇ ಕೂತಿತ್ತು, ಓಡಿಸಿದ್ರೆ ನೇರವಾಗಿ ಹೋಗ್ತಿತ್ತು, ಇಗ್ನಿಶನ್ ಆನ್ ಮಾಡಿದ್ರೆ ಏರ್‌ಬ್ಯಾಗ್ ಲೈಟ್ ಬಂದು ಕೆಲವು ಸೆಕೆಂಡಲ್ಲಿ ಆರ್ತಿತ್ತು, ಸ್ಕ್ಯಾನರ್ ಹಾಕಿದ್ರೂ ಒಂದು ಕೋಡ್ ಇಲ್ಲ. ಸಾಮಾನ್ಯವಾಗಿ ಎಲ್ರೂ ಇಷ್ಟಕ್ಕೇ ಸಮಾಧಾನ ಮಾಡ್ಕೊಳ್ತಾರೆ. ಆದ್ರೆ ಪ್ಯಾಸೆಂಜರ್ ಕಡೆ ಡ್ಯಾಶ್‌ಬೋರ್ಡ್ ಮೇಲಿನ ಚರ್ಮದ ಗೆರೆ, ಡ್ರೈವರ್ ಕಡೆ ಇರೋ ಗೆರೆ, ಎರಡೂ ಒಂದೇ ಥರ ಇರಲಿಲ್ಲ, ಬೆರಳಾಡಿಸಿದ್ರೆ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಸ್ವಲ್ಪ ಗಟ್ಟಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ತುದಿಯ ಲೇಬಲ್ ನೋಡಿದ್ರೆ ಡ್ರೈವರ್ ಬೆಲ್ಟ್‌ದು ಒಂದು ವರ್ಷ, ಪಕ್ಕದ ಸೀಟಿಂದು ಇನ್ನೊಂದು ವರ್ಷ, ಅದೂ ಗಾಡಿ ತಯಾರಾದ ವರ್ಷಕ್ಕಿಂತ ಹಿಂದಿಂದು, ಅಂದ್ರೆ ಬೇರೆ ಗಾಡಿಯಿಂದ ಬಿಚ್ಚಿ ತಂದು ಹಾಕಿದ್ದು. ಓನರ್ ಒಪ್ಪಿಗೆ ತಗೊಂಡು ಮೆಕ್ಯಾನಿಕ್ ಗ್ಲೋವ್ ಬಾಕ್ಸ್ ಬಿಚ್ಚಿ ಮೊಬೈಲ್ ಟಾರ್ಚ್ ಹಾಕಿ ನೋಡ್ದ. ಏರ್‌ಬ್ಯಾಗ್‌ಗೆ ಹೋಗಬೇಕಾದ ಕನೆಕ್ಟರ್‌ನಲ್ಲಿ ಕಪ್ಪು ಟೇಪ್ ಸುತ್ತಿ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ರೆಸಿಸ್ಟರ್ ಸಿಕ್ಕಿಸಿದ್ರು, ಬ್ಯಾಗ್ ಇರಬೇಕಾದ ಜಾಗ ಖಾಲಿ. ಏರ್‌ಬ್ಯಾಗ್ ಮಾಡ್ಯೂಲ್ ನೋಡೋದು ಸರ್ಕ್ಯೂಟಲ್ಲಿ ಸರಿಯಾದ ರೆಸಿಸ್ಟೆನ್ಸ್ ಇದೆಯಾ ಅಂತ ಅಷ್ಟೇ, ಎರಡು ಓಮ್ ಆಸುಪಾಸಿನ ಒಂದು ರೆಸಿಸ್ಟರ್ ಇದ್ರೆ ಅದು ಬ್ಯಾಗ್ ಇದೆ ಅಂತಲೇ ತಿಳ್ಕೊಳ್ಳುತ್ತೆ, ಲೈಟ್ ಆರಿಸಿಬಿಡುತ್ತೆ.

ಆ ಓನರ್ ಮುಖ ನೋಡೋಕಾಗ್ಲಿಲ್ಲ ನಂಗೆ. ಎರಡು ವರ್ಷ ಆ ಸೀಟಲ್ಲಿ ಹೆಂಡ್ತೀನ ಕೂರಿಸ್ಕೊಂಡು ಓಡಾಡಿದಾರೆ, ಅವರಿಗೇ ಗೊತ್ತಿರಲಿಲ್ಲ. ಇಂಥ ಕೆಲಸ ಮಾಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಪುಟ್ಟಿ ಹಚ್ಚಿ ಡೆಂಟ್ ಮುಚ್ಚೋದು ಬೇರೆ, ಇದು ಒಬ್ಬರ ಪ್ರಾಣದ ಜೊತೆ ಆಡೋ ಆಟ. ಹೊಸ ಏರ್‌ಬ್ಯಾಗ್ ಎರಡು, ಮಾಡ್ಯೂಲು, ಬೆಲ್ಟ್ ಎರಡು, ಡ್ಯಾಶ್‌ಬೋರ್ಡು, ಇಷ್ಟನ್ನೂ ಕಂಪನಿ ಪಾರ್ಟ್ ಹಾಕಿಸೋ ಖರ್ಚು ಸೇರಿಸಿದ್ರೆ ಒಳ್ಳೆ ಕೂಪರ್ ಎಸ್ ರೇಟನ್ನೇ ಮುಟ್ಟುತ್ತೆ. ಆದ್ರಿಂದ ಏರ್‌ಬ್ಯಾಗ್ ಓಪನ್ ಆಗಿದ್ದ ಗಾಡಿ ಅಂದ್ರೆ, ಪಾರ್ಟ್ ನಂಬರ್ ಸಮೇತ ಬಿಲ್ ತೋರಿಸೋವರೆಗೆ ನಾನು ಮಾತೇ ಮುಂದುವರಿಸಲ್ಲ.

ಝಡ್4 ನೋಡೋಕೆ ಹೋದಾಗ ಮನಸ್ಸು ಆಗಲೇ ಅರ್ಧ ಸೋತಿತ್ತು. 35ಐ, ಮೂರು ಲೀಟರ್ ಟ್ವಿನ್ ಟರ್ಬೊ ಸ್ಟ್ರೇಟ್ ಸಿಕ್ಸ್, 306 ಎಚ್‌ಪಿ, ಉದ್ದನೆ ಬಾನೆಟ್, ನಾವು ಕೂರೋದೇ ಹೆಚ್ಚುಕಮ್ಮಿ ಹಿಂದಿನ ಆಕ್ಸಲ್ ಮೇಲೆ. ಎಕ್ಸಲರೇಟರ್ ಒತ್ತಿದಾಗ ಬರೋ ಆ ಸೌಂಡ್ ಮಿಕ್ಕೆರಡು ಗಾಡೀಲಿ ಇಲ್ಲವೇ ಇಲ್ಲ. ಇಪ್ಪತ್ತೆರಡು ಕೇಳ್ತಿದ್ರು, ಕೂತು ಮಾತಾಡಿದ್ರೆ ಇಪ್ಪತ್ತಕ್ಕೆ ಬರ್ತಿತ್ತು. ಡೀಲರ್ ಹೇಳಿದ್ದು "ಹಿಂದೆ ಒಬ್ಬ ಬಂಪರ್ ಟಚ್ ಮಾಡ್ದ, ಬಂಪರ್ ಪೇಂಟ್ ಮಾತ್ರ" ಅಂತ. ಗಾಡಿ ಡಿಎಲ್ ನಂಬರ್ ಬೇರೆ, ಅಂದ್ರೆ ದೆಹಲಿ ಎನ್‌ಒಸಿ, ಇಲ್ಲಿ ಲೈಫ್ ಟ್ಯಾಕ್ಸ್, ಹೊಸ ಕೆಎ ನಂಬರ್, ಆ ಖರ್ಚೆಲ್ಲಾ ನಮ್ಮ ತಲೆ ಮೇಲೆ.

ಈ ಗಾಡೀಲಿ ಹಿಂದೆ ಬಿದ್ದ ಏಟು ಯಾಕೆ ಭಯ ಅಂದ್ರೆ ಇದರ ರೂಫ್ ಬಟ್ಟೆದಲ್ಲ, ಅಲ್ಯೂಮಿನಿಯಂ ಹಾರ್ಡ್ ಟಾಪ್, ಸುಮಾರು 20 ಸೆಕೆಂಡಲ್ಲಿ ಎರಡು ತುಂಡಾಗಿ ಮಡಚಿ ಡಿಕ್ಕಿ ಒಳಗೆ ಹೋಗಿ ಕೂರುತ್ತೆ. ಅಂದ್ರೆ ಡಿಕ್ಕಿ ಡೋರು, ಅದರ ಹಿಂಜು, ರೂಫಿನ ತೋಳು, ಮುಂದಿನ ಗ್ಲಾಸ್ ಫ್ರೇಮಲ್ಲಿರೋ ಲಾಕು, ಇಷ್ಟೂ ಒಂದಕ್ಕೊಂದು ಮಿಲಿಮೀಟರ್ ಲೆಕ್ಕದಲ್ಲಿ ಹೊಂದ್ಕೋಬೇಕು. ಹಿಂದಿನ ಬಾಡಿ ಸ್ವಲ್ಪ ಎಳೆದಂಗೆ ಆಗಿದ್ರೂ ಅದು ರೂಫಲ್ಲಿ ಕಾಣ್ಸುತ್ತೆ. ಈ ಗಾಡೀಲಿ ರೂಫ್ ಮುಚ್ಚೋವಾಗ ಎಡಗಡೆ ಮೊದಲು ಕೂತು ಬಲಗಡೆ ಅರೆಗಳಿಗೆ ತಡವಾಗಿ ಟಕ್ ಅಂತಿತ್ತು. ನೈಸ್ ರೋಡಲ್ಲಿ ಎಂಬತ್ತು ದಾಟಿದ್ಮೇಲೆ ಬಲಗಡೆ ಕಿವಿ ಹತ್ರ ಶಿಳ್ಳೆ ಹೊಡೆದಂಗೆ ಗಾಳಿ.

ಡಿಕ್ಕಿ ಕಾರ್ಪೆಟ್ ಎತ್ತಿ ನೋಡಿ, ಯಾವ ಗಾಡಿ ಆದ್ರೂ ಸರಿ. ಫ್ಯಾಕ್ಟರಿ ಸೀಲೆಂಟ್ ಮಷಿನ್ ಎಳೆದಿರೋದು, ಒಂದೇ ಅಗಲ ಇರುತ್ತೆ, ಇಲ್ಲಿ ಬಲಗಡೆ ಮೂಲೇಲಿ ಬ್ರಷ್‌ನಿಂದ ಬಳಿದ ಗುರುತು. ಫ್ಯಾಕ್ಟರಿ ಸ್ಪಾಟ್ ವೆಲ್ಡ್ ಸಣ್ಣ ಸಣ್ಣ ಗುಂಡು ತಗ್ಗು, ಸಮ ಅಂತರದಲ್ಲಿ, ಎಡಗಡೆ ಸಾಲಾಗಿ ಇತ್ತು, ಬಲಗಡೆ ಗ್ರೈಂಡ್ ಮಾಡಿ ನುಣ್ಣಗೆ ಮಾಡಿದ್ರು. ಪೇಂಟ್ ಮೀಟರ್ ಹಿಡಿದ್ರೆ ಡೋರ್ ಮೇಲೆ ನೂರಿಪ್ಪತ್ತು ಮೈಕ್ರಾನ್ ಸುತ್ತಮುತ್ತ, ಹಿಂದಿನ ಚಕ್ರದ ಮೇಲಿರೋ ಕ್ವಾರ್ಟರ್ ಪ್ಯಾನೆಲ್‌ಗೆ ಬಂದ್ರೆ ಸಾವಿರ ದಾಟ್ತು, ಅಷ್ಟು ಬಂದ್ರೆ ಅಲ್ಲಿ ಪೇಂಟ್ ಅಲ್ಲ, ಪುಟ್ಟಿ. ಬಂಪರ್ ಪ್ಲಾಸ್ಟಿಕ್ ಆಗಿರೋದ್ರಿಂದ ಈ ಮೀಟರ್ ಅದರ ಮೇಲೆ ರೀಡಿಂಗ್ ತೋರಿಸಲ್ಲ, ಡೀಲರ್‌ಗಳು ಬಂಪರ್ ಕಥೇನೇ ಹೇಳೋದಕ್ಕೆ ಅದೂ ಒಂದು ಕಾರಣ ಇರಬಹುದು.

ಇಷ್ಟಾದ್ರೂ ಮನಸ್ಸು ಕೇಳ್ತಿರಲಿಲ್ಲ, ಆ ಇಂಜಿನ್ ಹಾಗಿತ್ತು. ಕೊನೆಗೆ ತೀರ್ಮಾನ ಆಗಿದ್ದು ಅಲೈನ್‌ಮೆಂಟ್ ಶಾಪಲ್ಲಿ. ದಯವಿಟ್ಟು ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮುಂದಿನ ಎರಡು ಚಕ್ರದ್ದು ಮಾತ್ರ ಅಲ್ಲ, ಪ್ರಿಂಟೌಟ್‌ನಲ್ಲಿ ಥ್ರಸ್ಟ್ ಆಂಗಲ್ ಅಂತ ಒಂದು ಲೈನ್ ಇರುತ್ತೆ, ಹಿಂದಿನ ಚಕ್ರಗಳು ಗಾಡಿನ ಯಾವ ಕಡೆ ತಳ್ತಿವೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಅದು ಸೊನ್ನೆ ಹತ್ರ ಇರಬೇಕು. ಇದರದ್ದು ಕೆಂಪಲ್ಲಿತ್ತು, ನೇರ ರೋಡಲ್ಲಿ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಹಿಡ್ಕೊಂಡೇ ಓಡಿಸಬೇಕಾಗಿತ್ತು, ಅದಕ್ಕೆ ಕಾರಣ ಇದೇ. ಅಡ್ಜಸ್ಟ್ ಮಾಡೋಣ ಅಂತ ಹುಡುಗ ಹಿಂದಿನ ಬಲಗಡೆ ಬೋಲ್ಟ್ ನೋಡಿದ್ರೆ ಅದು ಆಗಲೇ ಕೊನೆ ಮುಟ್ಟಿತ್ತು, ಯಾರೋ ಮುಂಚೆನೇ ಎಳೆಯೋವಷ್ಟು ಎಳೆದಿದಾರೆ. ಮುನ್ನೂರು ಕುದುರೆ ಹಿಂದಿನ ಚಕ್ರಕ್ಕೆ ಹೋಗೋ ಗಾಡೀಲಿ ಹಿಂದಿನ ಚಾಸಿ ಸೊಟ್ಟ ಇದ್ರೆ ಮಳೇಲಿ ನಂದಿ ಬೆಟ್ಟದ ತಿರುವಲ್ಲಿ ಏನಾಗಬಹುದು ಅಂತ ಯೋಚನೆ ಮಾಡಿ ಕೀ ವಾಪಸ್ ಕೊಟ್ಟೆ.

ಟಿಟಿ ಬಗ್ಗೆ ಎಲ್ರೂ ಹೆದರಿಸಿದ್ರು. "ಅಲ್ಯೂಮಿನಿಯಂ ಬಾಡಿ ಕಣೋ, ಏಟು ಬಿದ್ರೆ ಮುಗೀತು" ಅಂತ. ಅರ್ಧ ನಿಜ. ಎರಡನೇ ಜನರೇಶನ್ ಟಿಟಿ ಕೂಪೆ ಬಾಡಿ 69 ಪರ್ಸೆಂಟ್ ಅಲ್ಯೂಮಿನಿಯಂ, ಉಳಿದಿದ್ದು ಸ್ಟೀಲ್, ಆ ಸ್ಟೀಲ್ ಇರೋದು ಹಿಂದಿನ ಫ್ಲೋರು, ಡೋರು, ಡಿಕ್ಕಿ ಡೋರಲ್ಲಿ. ಮೂತಿ ಭಾರ ಕಮ್ಮಿ ಆಗಿ ಮುಂದೆ ಹಿಂದೆ ತೂಕ ಸಮ ಆಗ್ಲಿ ಅಂತ ಹಾಗೆ ಮಾಡಿದಾರೆ. ಇದು ಗೊತ್ತಿಲ್ಲದೆ ಜೇಬಲ್ಲಿ ಆಯಸ್ಕಾಂತ ಇಟ್ಕೊಂಡು ಗಾಡಿ ನೋಡೋಕೆ ಹೋದ್ರೆ ಬಾನೆಟ್ ಮೇಲೆ ಅಂಟಲ್ಲ, ಫೆಂಡರ್ ಮೇಲೆ ಅಂಟಲ್ಲ, ರೂಫ್ ಮೇಲೂ ಅಂಟಲ್ಲ, "ಪೂರ್ತಿ ಪುಟ್ಟಿ ಗಾಡಿ" ಅಂತ ಬಿಟ್ಟು ಬರ್ತೀರಿ. ಪೇಂಟ್ ಮೀಟರ್ ಕೂಡ ಕಬ್ಬಿಣಕ್ಕೆ ಮಾತ್ರ ಅಲ್ಲ, ಅಲ್ಯೂಮಿನಿಯಂಗೂ ರೀಡಿಂಗ್ ಕೊಡೋದೇ ಬೇಕು.

ನಾನು ನೋಡಿದ್ದು 2.0 ಟಿಎಫ್‌ಎಸ್‌ಐ ಕ್ವಾಟ್ರೊ (ನಾಲ್ಕೂ ಚಕ್ರಕ್ಕೆ ಪವರ್ ಹೋಗೋದು), 211 ಎಚ್‌ಪಿ, ಹದಿನೇಳೂವರೆ ಕೇಳ್ತಿದ್ರು. ಏಟು ಮುಂದೆ ಎಡಗಡೆ. ಇಲ್ಲಿ ಓನರ್ ಒಬ್ಬರೇ, ಮೊದಲಿಂದ ಅವರದ್ದೇ ಗಾಡಿ, ಕೇಳೋದಕ್ಕಿಂತ ಮುಂಚೆನೇ ಒಂದು ಫೈಲ್ ತಂದು ಮೇಜಿನ ಮೇಲಿಟ್ರು. ಇನ್ಶೂರೆನ್ಸ್ ಸರ್ವೇಯರ್ ರಿಪೋರ್ಟು, ಕಂಪನಿ ವರ್ಕ್‌ಶಾಪ್ ಬಿಲ್ಲು, ಗುದ್ದಿದ ದಿನದ ಫೋಟೋ. ಬಂಪರ್, ಅದರ ಹಿಂದಿನ ಕ್ರ್ಯಾಶ್ ಬೀಮ್, ಬಾನೆಟ್, ಎಡಗಡೆ ಹೆಡ್‌ಲೈಟ್, ರೇಡಿಯೇಟರ್, ಎಸಿ ಕಂಡೆನ್ಸರ್, ಎಲ್ಲಾ ಹೊಸದು, ಎಲ್ಲಾ ಬೋಲ್ಟ್ ಬಿಚ್ಚಿ ಹಾಕೋ ಐಟಂ. ಏರ್‌ಬ್ಯಾಗ್ ಓಪನ್ ಆಗಿಲ್ಲ. ಬಿಲ್ ಮೊತ್ತ ದೊಡ್ಡದೇ, ಆದ್ರೆ ಟೋಟಲ್ ಲಾಸ್ ಲೆಕ್ಕಕ್ಕೆ ಹತ್ತಿರನೂ ಇರಲಿಲ್ಲ. ರಿಪೇರಿ ಖರ್ಚು ಐಡಿವಿಯ (ಪಾಲಿಸೀಲಿ ಗಾಡಿಗೆ ಬರೆದಿರೋ ಬೆಲೆ) 75 ಪರ್ಸೆಂಟ್ ದಾಟಿದ್ರೆ ಇನ್ಶೂರೆನ್ಸ್‌ನವರು ಅದನ್ನ ಟೋಟಲ್ ಲಾಸ್ ಅಂತ ಪರಿಗಣಿಸ್ತಾರೆ, ಅಂಥ ಗಾಡಿನ ಯಾರೋ ಸ್ಕ್ರಾಪ್ ರೇಟಿಗೆ ತಗೊಂಡು ರೆಡಿ ಮಾಡಿ ಮತ್ತೆ ಮಾರ್ತಾರೆ, ಅದರಿಂದ ದೂರ ಇರಬೇಕು.

ಫೈಲ್ ಇದೆ ಅಂತ ಸುಮ್ಮನಾಗಲಿಲ್ಲ. ಹಾಯ್ಸ್ಟ್ ಮೇಲೆ ಎತ್ತಿಸಿ ಕ್ರ್ಯಾಶ್ ಬೀಮ್ ಹಿಂದೆ ಇರೋ ಉದ್ದನೆ ಮೆಂಬರ್ ಎರಡೂ ಕಡೆ ಕೈಯಾಡಿಸಿ ನೋಡಿದ್ವಿ, ಅಲೆ ಅಲೆಯಾಗಿ ಸುಕ್ಕು ಬಂದಿದ್ರೆ ಅಲ್ಲೇ ಮುಗೀತು. ಸುಕ್ಕು ಇಲ್ಲ, ರಿವೆಟ್‌ಗಳು ಎಡ ಬಲ ಒಂದೇ ಥರ, ಬೋಲ್ಟ್ ತೂತು ಗುಂಡಗೇ ಇದೆ. ಆ ಮೆಂಬರ್‌ಗೆ ಏಟು ಬಿದ್ದಿದ್ರೆ ಅಲ್ಯೂಮಿನಿಯಂ ಬಗ್ಗೆ ಜನ ಹೇಳೋ ಮಾತು ಪೂರ್ತಿ ನಿಜ ಆಗ್ತಿತ್ತು. ನಮ್ಮ ಟಿಂಕರಿಂಗ್ ಶೆಡ್‌ಗಳಲ್ಲಿ ಸ್ಟೀಲಿಗೆ ಮಾಡೋ ಹಾಗೆ ಕಾಯಿಸಿ ಬಡಿದ್ರೆ ಇದರ ಶಕ್ತಿನೇ ಹೋಗುತ್ತೆ, ಸ್ಟೀಲ್ ಉಜ್ಜಿದ ಅದೇ ಗ್ರೈಂಡರ್ ಇದಕ್ಕೂ ಹಾಕಿದ್ರೆ ಕಬ್ಬಿಣದ ಪುಡಿ ಕೂತು ಪೇಂಟ್ ಕೆಳಗೆ ಗುಳ್ಳೆ ಬರೋಕೆ ಶುರು. ಟಿಟಿ ರಿಪೇರಿ ಎಲ್ಲಿ ಮಾಡ್ಸಿದ್ರು ಅನ್ನೋ ಬಿಲ್ ಅದಕ್ಕೇ ಬೇಕು.

ಅಲೈನ್‌ಮೆಂಟ್ ಹಸಿರು, ಥ್ರಸ್ಟ್ ಆಂಗಲ್ ಸರಿ, ನೂರರಲ್ಲಿ ಸ್ಟೀರಿಂಗ್ ಹಗುರವಾಗಿ ಬಿಟ್ರೂ ನೇರ ಹೋಯ್ತು, ಜೋರಾಗಿ ಬ್ರೇಕ್ ಹಿಡಿದ್ರೂ ಯಾವ ಕಡೆಗೂ ಎಳೀಲಿಲ್ಲ. ಓಡ್ಸೋಕೆ ಝಡ್4 ಅಷ್ಟು ರೋಮಾಂಚನ ಇಲ್ಲ, ಕೂಪರ್ ಅಷ್ಟು ತುಂಟತನನೂ ಇಲ್ಲ, ಹಿಂದಿನ ಸೀಟು ಹೆಸರಿಗೆ ಮಾತ್ರ. ಆದ್ರೆ ಒದ್ದೆ ರೋಡಲ್ಲಿ ನಾಲ್ಕೂ ಚಕ್ರ ಹಿಡ್ಕೊಂಡು ಹೋಗೋ ರೀತಿ ನೋಡಿದ್ರೆ ಸಕಲೇಶಪುರ ಕಡೆ ಘಾಟಿಗೆ ಹೇಳಿ ಮಾಡ್ಸಿದ ಗಾಡಿ.

ಪೇಪರ್ ವಿಷಯ ಒಂದು ಹೇಳ್ಬೇಕು, ಮೂರಕ್ಕೂ ಅನ್ವಯ. ಈಗಿನ ಪಾಲಿಸಿ ಒಂದೇ ನೋಡ್ಬೇಡಿ, ಹಿಂದಿನ ವರ್ಷಗಳದ್ದೂ ಕೇಳಿ. ಕ್ಲೇಮ್ ಮಾಡದಿದ್ರೆ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಅಂದ್ರೆ ಪ್ರೀಮಿಯಂನಲ್ಲಿ ಸಿಗೋ ಡಿಸ್ಕೌಂಟ್) 20, 25, 35, 45, 50 ಪರ್ಸೆಂಟ್ ಹೀಗೆ ಏರ್ತಾ ಹೋಗುತ್ತೆ, ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆದ ಹಾನಿ) ಕ್ಲೇಮ್ ಮಾಡಿದ್ರೆ ಮುಂದಿನ ವರ್ಷ ಸೊನ್ನೆಗೆ ಬೀಳುತ್ತೆ, ಎನ್‌ಸಿಬಿ ಪ್ರೊಟೆಕ್ಟ್ ಆ್ಯಡ್ ಆನ್ ಇದ್ರೆ ಮಾತ್ರ ಬೇರೆ. ಟಿಟಿ ಓನರ್ ಹೇಳಿದ ವರ್ಷಕ್ಕೂ ಪಾಲಿಸೀಲಿ ಸೊನ್ನೆ ಆಗಿರೋ ವರ್ಷಕ್ಕೂ ತಾಳೆ ಆಯ್ತು. ಝಡ್4ದು ಮಾತ್ರ ಕ್ಲೇಮೇ ಇಲ್ಲದೆ 50 ಪರ್ಸೆಂಟ್ ಇತ್ತು, ಡೀಲರ್ ಅದನ್ನೇ ಹೆಮ್ಮೆಯಿಂದ ತೋರಿಸ್ದ, ಆದ್ರೆ ವೆಲ್ಡ್ ಎದುರಿಗೇ ಇದೆ. ಕೈಯಿಂದ ದುಡ್ಡು ಕೊಟ್ಟು ಹೊರಗೆ ಮಾಡ್ಸಿದ್ರೆ ಪೇಪರಲ್ಲಿ ಏನೂ ಸಿಗಲ್ಲ, ಹಾಗಾಗಿ ಎನ್‌ಸಿಬಿ ಚೆನ್ನಾಗಿದೆ ಅನ್ನೋದನ್ನ ಆಕ್ಸಿಡೆಂಟ್ ಆಗಿಲ್ಲ ಅನ್ನೋದಕ್ಕೆ ಸಾಕ್ಷಿ ಅಂತ ತಗೋಬೇಡಿ.

ಟಿಟಿನೇ ತಗೊಂಡೆ, ಹದಿನಾರೂಕಾಲಕ್ಕೆ. ಉಳಿದ ದುಡ್ಡಲ್ಲಿ ಮೊದಲು ಗೇರ್‌ಬಾಕ್ಸ್ ಆಯಿಲ್ ಚೇಂಜ್ ಮಾಡಿಸಿದೆ, ಆ ಆರು ಗೇರಿನ ಎಸ್ ಟ್ರಾನಿಕ್‌ಗೆ 60,000 ಕಿಲೋಮೀಟರ್‌ಗೊಮ್ಮೆ ಆಯಿಲ್ ಬದಲಾಯ್ಸಲೇಬೇಕು, ಹಿಂದಿನವರು ಮಾಡ್ಸಿದ್ದಕ್ಕೆ ಎಂಟ್ರಿ ಇರಲಿಲ್ಲ. ಟೈಮಿಂಗ್ ಚೈನ್ ಟೆನ್ಶನರ್ ಹೊಸದು ಹಾಕಿಸೋದು ಮುಂದಿನ ಸರ್ವಿಸ್‌ಗೆ ಇಟ್ಟಿದೀನಿ. ಝಡ್4ನೇ ಬೇಕು ಅನ್ನೋರು ಮುಂದೆ ಏಟು ಬಿದ್ದಿರೋದು ಹುಡುಕಿ, ಹಿಂದೆ ಬಿದ್ದಿದ್ದು ಬೇಡ, ರೂಫ್ ಒಂದೇ ಸಲ ಅಲ್ಲ, ಗಾಡಿ ಬಿಸಿ ಆದ್ಮೇಲೂ ಇನ್ನೊಂದು ಸಲ ತೆಗೆದು ಮುಚ್ಚಿಸಿ ನೋಡಿ. ಮತ್ತೆ ಗಾಡಿ ಯಾವುದೇ ತಗೊಳ್ಳಿ, ಎನ್‌ಸಿಬಿ ಹಳೇ ಓನರ್ ಜೊತೆನೇ ಹೋಗುತ್ತೆ, ಗಾಡಿ ಜೊತೆ ಬರಲ್ಲ, ಮೊದಲ ವರ್ಷದ ಪ್ರೀಮಿಯಂ ಪೂರ್ತಿ ಕಟ್ಟಬೇಕಾಗುತ್ತೆ, ಆ ದುಡ್ಡನ್ನ ರೇಟ್ ಮಾತಾಡೋವಾಗಲೇ ತೆಗೆದಿಟ್ಕೊಳ್ಳಿ, ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋ ಅರ್ಜಿನ ಹದಿನಾಲ್ಕು ದಿನದ ಒಳಗೆ ಹಾಕಿ.